ಬೆಂಗಳೂರಿಗೆ ಬಂದ ಹೋಮರ್

ಬೆಂಗಳೂರಿನ ದೀಪಗಳಿಗೂ ಮಳವಳ್ಳಿ ತಾಲ್ಲೂಕಿಗೂ ಇರುವ ನಂಟು ಹಳೆಯದು. ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ಹರಿಯಿತು. ಅಂದು ಅಲ್ಲಿ ಸ್ಥಾಪಿತವಾದ ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯವು. ನೂರು ವರ್ಷಗಳ ತರುವಾಯ ಅಮೆರಿಕದ ವ್ಯಂಗ್ಯಚಿತ್ರಕಾರರು ವಿದ್ಯುದಾಗಾರವನ್ನೇ ಬೆಂಗಳೂರಿಗೆ ತಂದಿಳಿಸಿದರು!

‘ದಿ ಸಿಂಪ್ಸನ್ಸ್’ 1989ರಲ್ಲಿ ಆರಂಭವಾಗಿ ಮೂರು ದಶಕಗಳಿಗೂ ಮೀರಿ ನಡೆದುಬಂದ ಚಲಿಸುವ ಚಿತ್ರಗಳ ಹಾಸ್ಯಮಾಲಿಕೆ. 2006ರ ಏಪ್ರಿಲ್ 9ರಂದು ಪ್ರಸಾರವಾದ ಅದರ ಕಂತಿನ ಹೆಸರು ‘ಕಿಸ್ ಕಿಸ್, ಬ್ಯಾಂಗ್ ಬ್ಯಾಂಗಲೋರ್’. ಜಿಪುಣಾಗ್ರೇಸರ ಬರ್ನ್ಸ್ ತನ್ನ ಅಣುವಿದ್ಯುತ್ ಸ್ಥಾವರದ ಕೆಲಸವನ್ನು ಬೆಂಗಳೂರಿಗೆ ವರ್ಗಾಯಿಸುತ್ತಾನೆ. ಕಾರಣ ಸರಳ, ಇಲ್ಲಿ ಕೂಲಿ ಅಗ್ಗ. ಹೊಸಬರಿಗೆ ತರಬೇತಿ ಕೊಡಲು ಬರುವವನು ಸೋಮಾರಿಗಳ ಸಾರ್ವಭೌಮ ಹೋಮರ್. ಅಧಿಕಾರ ಕೈಸೇರಿದ್ದೇ ತಡ, ಅವನು ತನ್ನನ್ನು ದೇವರೆಂದೇ ಬಗೆಯುತ್ತಾನೆ.

ಕಂತಿನ ಕುಂದುಗಳು ಕಣ್ಣಿಗೆ ರಾಚುತ್ತವೆ. ಹೆಸರು ಬೆಂಗಳೂರಿನದು, ಕುಣಿತ ಮಾತ್ರ ಹಿಂದಿ ಚಿತ್ರದ್ದು. ನಟನೊಬ್ಬನ ಅಪಹರಣದ ಉಪಕಥೆ ಮುಖ್ಯ ಕಥೆಯ ಓಟಕ್ಕೆ ಅಡ್ಡಗಾಲಾಗುತ್ತದೆ. ವಿದೇಶಿಯರ ಕಣ್ಣಿಗೆ ಭಾರತವೆಂದರೆ ದೇವರು, ಜನಜಂಗುಳಿ ಇಷ್ಟೇ ಎಂಬ ಹಳೆಯ ರೂಢಿಯೂ ಇಲ್ಲಿ ತಪ್ಪಿಲ್ಲ.

ಆದರೂ ಈ ನಗೆಯೊಳಗೆ ಮುಳ್ಳೊಂದಿದೆ. ಕೆಲಸವನ್ನು ಕಲಿಸಬೇಕಾದ ಹೋಮರ್ ವಿರಾಮ, ರಜೆ, ಸವಲತ್ತುಗಳನ್ನು ಕಲಿಸಿಬಿಡುತ್ತಾನೆ. ಅದನ್ನು ಕಂಡ ಬರ್ನ್ಸ್ ಅವರೆಲ್ಲರನ್ನೂ ತೆಗೆದುಹಾಕುತ್ತಾನೆ. ಕೆಲಸ ಕಳೆದುಕೊಂಡವರೋ ಹಿಗ್ಗುತ್ತಾರೆ! ಬಂಡವಾಳವು ಅಗ್ಗದ ಊರನ್ನು ಅರಸುತ್ತದೆ. ಆ ಊರಿನವನು ಹಕ್ಕು ಕೇಳಿದೊಡನೆ ಇನ್ನೊಂದು ಊರಿನ ಹಾದಿ ಹಿಡಿಯುತ್ತದೆ. ಇಷ್ಟು ಕಹಿಯಾದ ಮಾತನ್ನು ಇಷ್ಟು ಹಗುರವಾಗಿ ಹೇಳುವುದು ಸಾಮಾನ್ಯ ಸಾಧನೆಯಲ್ಲ.

ಆ ಕೊನೆಯ ಹಿಗ್ಗು ಮಾತ್ರ ಮಂಡ್ಯದವರಿಗೆ ಅಷ್ಟು ಸುಲಭವಾಗಿ ಒಗ್ಗಲಾರದು. 1933ರಲ್ಲಿ ಸ್ಥಾಪನೆಯಾದ ಅಲ್ಲಿನ ಸಕ್ಕರೆ ಕಾರ್ಖಾನೆ ಕೆಲವು ವರ್ಷ ಸ್ತಬ್ಧವಾಗಿದ್ದು 2022ರಲ್ಲಿ ಮತ್ತೆ ಕಬ್ಬು ಅರೆಯಿತು. ಕಾರ್ಖಾನೆಯ ಹೊಗೆಗೊಳವೆ ತಣ್ಣಗಾದರೆ ಊರಿನ ಒಲೆಗಳೂ ತಣ್ಣಗಾಗುತ್ತವೆಂಬುದನ್ನು ಆ ಜನ ಬಲ್ಲರು. ಮದ್ದೂರಿನಲ್ಲಿ ಬೆಳಗಿನ ರೈಲು ಹತ್ತಿ ರಾಜಧಾನಿಗೆ ದುಡಿಯಲು ಹೋಗುವ ತರುಣನೂ ಬಲ್ಲ. ಬೆಂಗಳೂರು ಇಂದಿಗೂ ಕುಡಿಯುವ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಮೂಲಕವೇ ಹರಿದುಬರುತ್ತದೆ. ಬೆಳಕು, ನೀರು, ದುಡಿಯುವ ಕೈ ಎಲ್ಲವನ್ನೂ ಕೊಟ್ಟ ಊರುಗಳಿವು. ಕೆಲಸ ಬೆಂಗಳೂರನ್ನೂ ಬಿಟ್ಟು ಹೊರಟರೆ ಈ ರೈಲು ಯಾರನ್ನು ಎಲ್ಲಿಗೆ ಒಯ್ಯಬೇಕು?

ಹೋಮರ್ ನಗಿಸುತ್ತಾನೆ, ನಿಜ. ನಗು ನಿಂತ ಮೇಲೂ ಆ ಪ್ರಶ್ನೆ ನಿಲ್ಲುವುದರಿಂದ, ಕುಂದುಗಳ ನಡುವೆಯೂ ಈ ಕಂತು ನೋಡತಕ್ಕದ್ದು.