ಗಾಳದ ನೊಣಕ್ಕೆ ಕಾಡುಕೋಳಿಯ ಗರಿ ಬೇಕೆ?

ಕಾಫಿ ಗಿಡಗಳ ಬುಡದಲ್ಲಿ ತರಗೆಲೆ ಕೆದಕುವ ಬೂದು ಕಾಡುಕೋಳಿ ಹುಂಜವನ್ನು ನೋಡದ ಬೆಳೆಗಾರರು ನಮ್ಮಲ್ಲಿ ವಿರಳ. ಭಾರತದಲ್ಲಿ ಮಾತ್ರ ಇರುವ ಹಕ್ಕಿ ಇದು. ಇದರ ಕತ್ತಿನ ಗರಿಗಳಲ್ಲಿ ಮೇಣದ ಹನಿ ಅಂಟಿಸಿದಂತಹ ಬಿಳಿ-ಹಳದಿ ಚುಕ್ಕೆಗಳಿರುತ್ತವೆ. ಈ ಚುಕ್ಕೆಗಾಗಿಯೇ ಹಿಂದೆ ಹುಂಜಗಳ ಕತ್ತಿನ ಚರ್ಮ ರಾಶಿಗಟ್ಟಲೆ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಅಲ್ಲಿನ ಸಾಲ್ಮನ್ ಮೀನಿನ ಬೇಟೆಗಾರರು ಗರಿ, ರೇಷ್ಮೆ, ಜರಿಗಳನ್ನು ಗಾಳಕ್ಕೆ ಸುತ್ತಿ ಕೃತಕ ನೊಣ ಕಟ್ಟುತ್ತಾರೆ. ಈ ಚುಕ್ಕೆ ಅದಕ್ಕೆ ಕಣ್ಣು. ವ್ಯಾಪಾರದಲ್ಲಿ ಇದರ ಹೆಸರು ‘ಜಂಗಲ್ ಕಾಕ್’.

ಬಣ್ಣಕ್ಕೆ ಮೀನು ಮರುಳಾಗುವುದೆ? ಆಗುತ್ತದೆ, ಆದರೆ ಅಂಗಡಿಯಲ್ಲಿ ನಮ್ಮ ಕಣ್ಣಿಗೆ ಕಂಡ ಬಣ್ಣಕ್ಕಲ್ಲ. ಒಣಗಿದ್ದಾಗ ಹೊಳೆಯುವ ಹಳದಿ ರೇಷ್ಮೆ ನೆನೆದೊಡನೆ ಒಳಗಿನ ಗಾಳದ ಕಪ್ಪನ್ನು ತೋರಿಸಿ ಮಂಕಾಗುತ್ತದೆ. ಆದ್ದರಿಂದಲೇ ಬಲ್ಲವರು ಮೊದಲು ಬಿಳಿ ದಾರವನ್ನೋ ಬೆಳ್ಳಿಜರಿಯನ್ನೋ ಸುತ್ತಿ, ಅದರ ಮೇಲೆ ರೇಷ್ಮೆ ಸುತ್ತುತ್ತಾರೆ. ನವಿಲುಗರಿಯ ಸಂಗತಿ ಬೇರೆ. ಅದರ ಹೊಳಪು ಹಚ್ಚಿದ ಬಣ್ಣವಲ್ಲ, ಗರಿಯ ಸೂಕ್ಷ್ಮ ರಚನೆಯಿಂದ ಬಂದದ್ದು, ತೊಳೆದರೂ ಹೋಗದು.

ಇನ್ನು ನೀರಿನ ಗುಣ. ತಿಳಿನೀರಿನಲ್ಲಿ ಆಳಕ್ಕೆ ಹೋದಂತೆ ಮೊದಲು ಮಾಯವಾಗುವುದು ಕೆಂಪು. ನೀಲಿ ಬಹು ದೂರ ಉಳಿಯುತ್ತದೆ. ನೀರಿನ ಮೇಲೆ ತೇಲುವ ನೊಣವನ್ನು ಮೀನು ಕೆಳಗಿನಿಂದ, ಆಕಾಶದ ಬೆಳಕಿಗೆ ಎದುರಾಗಿ ನೋಡುತ್ತದೆ. ಆಗ ಬಣ್ಣಕ್ಕಿಂತ ಆಕಾರವೇ ಮುಖ್ಯ. ಮಳೆಗಾಲದ ಕಾವೇರಿಯ ಕೆನ್ನೀರಿನಲ್ಲಾಗಲಿ, ರಾಯಚೂರಿನ ಕಲ್ಮಲದಂತಹ ಊರುಗಳಿಗೆ ಎರಡು ಬದಿಯ ನದಿಗಳಾದ ಕೃಷ್ಣಾ, ತುಂಗಭದ್ರೆಗಳ ರಾಡಿಯಲ್ಲಾಗಲಿ, ನವುರಾದ ಬಣ್ಣಗಳೆಲ್ಲ ವ್ಯರ್ಥ. ಅಲ್ಲಿ ದಪ್ಪನೆಯ ಕಪ್ಪು ನೊಣವೇ ಎದ್ದು ಕಾಣುವುದು.

ಹೀಗಿರುವಾಗ ನಮ್ಮ ಹಳ್ಳಕೊಳ್ಳಗಳಿಗೆ ಕಾಡುಕೋಳಿಯ ಗರಿ ಬೇಕೇಬೇಕೆಂಬ ಮಾತಿನಲ್ಲಿ ಹುರುಳಿಲ್ಲ. ಚೆಲುವಾದ ಗರಿ ನಿಜ. ಅದರ ಚೆಲುವಿಗೆ ಮೀನಿಗಿಂತ ಮನುಷ್ಯನೇ ಹೆಚ್ಚು ಸಿಕ್ಕಿಬಿದ್ದಿದ್ದಾನೆ ಎಂಬುದು ನಮ್ಮ ಅನಿಸಿಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಈ ಹಕ್ಕಿಯನ್ನು ಹೊಡೆಯುವುದು ಅಪರಾಧ. ಹಕ್ಕಿ ಸಿಕ್ಕಿದ್ದು ಸ್ವಂತ ತೋಟದೊಳಗೆ ಎಂಬ ಸಬೂಬು ನಡೆಯದು. ಇಂಗ್ಲೆಂಡಿನವರು ಈಗ ಅಲ್ಲಿಯೇ ಸಾಕಿದ ಹಕ್ಕಿಗಳ ಗರಿ ಬಳಸುತ್ತಾರೆ. ಆದುದರಿಂದ ಕತ್ತಿನ ಚರ್ಮಕ್ಕೆ ಹಣ ಕೊಡುತ್ತೇನೆಂದು ಯಾರಾದರೂ ತೋಟಕ್ಕೆ ಬಂದರೆ ಬಾಂಧವರು ಅಂಥವರನ್ನು ಗೇಟಿನಲ್ಲೇ ಹಿಂದಕ್ಕೆ ಕಳಿಸುವುದು ಲೇಸು.

ಗಾಳದ ಹವ್ಯಾಸವುಳ್ಳವರಿಗೆ ಹಿತ್ತಿಲಿನ ಕಪ್ಪು ಅಥವಾ ಕಂದು ನಾಟಿ ಹುಂಜದ ಕತ್ತಿನ ಗರಿ ಧಾರಾಳವಾಗಿ ಸಾಕು. ಕಟ್ಟಿದ ನೊಣವನ್ನು ಗಾಜಿನ ಲೋಟದ ನೀರಿನಲ್ಲಿ ಅದ್ದಿ, ಲೋಟವನ್ನು ಬೆಳಕಿಗೆ ಎತ್ತಿ ಹಿಡಿದು ಕೆಳಗಿನಿಂದ ನೋಡಿರಿ. ಮೀನಿಗೆ ಕಾಣುವ ಬಣ್ಣ ಹೆಚ್ಚುಕಡಿಮೆ ಅದೇ.