ಬಾರದ ಮಳೆ, ಬಂದ ಹೊಳೆ

ಅಥಣಿ ತಾಲ್ಲೂಕಿನ ಅನಂತಪುರದ ಕಡೆ ಹಿರಿಯರ ಹತ್ತಿರ ಮಳೆಯ ಮಾತು ತೆಗೆದು ನೋಡಿ. ಅದು ಬಂದ ಮಳೆಯಿಂದಲ್ಲ, ಬಾರದ ಮಳೆಯಿಂದ ಶುರುವಾಗುತ್ತದೆ. ವಯಸ್ಸು ಕೇಳಿದರೂ ‘ಎಪ್ಪತ್ತೆರಡರ ಬರದಾಗ ನಾ ದನಾ ಕಾಯೂ ಹುಡುಗ’ ಎಂಬಂಥ ಉತ್ತರ. ಜನನ, ಮದುವೆ, ಪಾಲು ಎಲ್ಲಕ್ಕೂ ಆ ಬರವೇ ಪಂಚಾಂಗ.

ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5000 ಮಿಲಿಮೀಟರಿಗೂ ಹೆಚ್ಚು ಮಳೆ. ಘಟ್ಟ ಇಳಿದು ಇಲ್ಲಿಗೆ ಬರುವ ಹೊತ್ತಿಗೆ ಮೋಡದ ಹೊಟ್ಟೆ ಖಾಲಿ. ಹಾಗಾಗಿ ಎರಿಹೊಲದ ಒಕ್ಕಲಿಗನ ಕಣ್ಣು ಉತ್ತರಿ, ಹಸ್ತಿ ಮಳೆಗಳ ಮೇಲೆ. ಅವು ಕೈಕೊಟ್ಟರೆ ಹಿಂಗಾರಿ ಜೋಳವಿಲ್ಲ. ಜೋಳವಿಲ್ಲ ಎಂದರೆ ಮನುಷ್ಯರಿಗೆ ರೊಟ್ಟಿಯೂ ಇಲ್ಲ, ದನಗಳಿಗೆ ಕಣಿಕೆಯೂ ಇಲ್ಲ. 1972ರಲ್ಲಿ ಆದದ್ದು ಅದೇ. ಹಸಿವನ್ನು ಹೇಗೋ ತಡೆಯಬಹುದು, ಕಟ್ಟಿದ ಎತ್ತು ಹಗ್ಗ ಜಗ್ಗುವುದನ್ನು ನೋಡುವುದು ಕಷ್ಟ. ಎತ್ತು ಮಾರಿದವನು ಮರುವರ್ಷ ಮಳೆಯಾದರೂ ಬಿತ್ತುವುದು ಯಾವುದರಿಂದ?

ಗಡಿಯಾಚೆ ಮಹಾರಾಷ್ಟ್ರದಲ್ಲೂ ಅದೇ ಗೋಳು. ಅಲ್ಲಿ ಅಮೆರಿಕದಿಂದ ಬಂದ ಕೆಂಪು ಜೋಳ, ‘ಮಿಲೋ’, ತಿಂದು ಜನ ಕಲ್ಲು ಒಡೆದರು, ರಸ್ತೆ ಹಾಕಿದರು. ಆ ಬರಗಾಲದ ಕೂಲಿಯೇ 1977ರಲ್ಲಿ ಅಲ್ಲಿ ಉದ್ಯೋಗ ಖಾತರಿ ಕಾಯ್ದೆಯಾಯಿತು. ದೇಶಕ್ಕೆಲ್ಲ ಅಂಥ ಕಾಯ್ದೆ ಬರಲು 2005ರವರೆಗೆ ಕಾಯಬೇಕಾಯಿತು!

ಮಳೆಗೆ ಹಂಬಲಿಸುವ ಇದೇ ಸೀಮೆ ಮಳೆಗೆ ಹೆದರುವ ಕಾಲವೂ ಉಂಟು. ಕೊಳವೆಬಾವಿ, ಹನಿ ನೀರಾವರಿ ನಂಬಿ ಅಥಣಿ ಸೀಮೆಯ ರೈತರು ದ್ರಾಕ್ಷಿ ಹಚ್ಚಿದರು. ಮಾಗಿದ ಗೊನೆಯನ್ನು ನೆರಳಿನ ಶೆಡ್ಡಿನಲ್ಲಿ ಹರವಿ ಒಣಗಿಸುವ ದಿನಗಳಲ್ಲಿ ತಂಪು ಗಾಳಿ ಬೀಸಿದರೂ ಎದೆ ಝಲ್ಲೆನ್ನುತ್ತದೆ. ಆಣೆಕಲ್ಲು ಬಿದ್ದರೆ ಬಳ್ಳಿಯ ಹಣ್ಣು ಹೋಯಿತು. ಬರೀ ತಂಡಿ ಹಿಡಿದರೂ ಒಣದ್ರಾಕ್ಷಿ ಕಪ್ಪಾಗಿ ದರ ಬಿತ್ತು.

ಆದರೆ 2019ರಂಥ ವರ್ಷವನ್ನು ಹಳಬರೂ ಕಂಡಿರಲಿಕ್ಕಿಲ್ಲ. ಆ ಬೇಸಿಗೆ ತಾಲ್ಲೂಕಿನ ದಕ್ಷಿಣದಲ್ಲಿ ಹರಿಯುವ ಕೃಷ್ಣೆಯೇ ಬತ್ತಿತು. ಕೊಯ್ನಾದಿಂದ ನೀರು ಬಿಡಿ ಎಂದು ಮಹಾರಾಷ್ಟ್ರವನ್ನು ಕೇಳಿದ್ದಾಯಿತು. ಆಗಸ್ಟ್ ಬಂತು, ಕೇಳದೆಯೇ ನೀರು ಬಂತು. ಅದು ಇಲ್ಲಿ ಬಿದ್ದ ಮಳೆಯಲ್ಲ. ಘಟ್ಟದಲ್ಲಿ ಸುರಿದದ್ದು, ಅಣೆಕಟ್ಟು ದಾಟಿ ಬಂದದ್ದು. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಯ ಹೊಳೆಸಾಲಿನ ಹಳ್ಳಿಗಳಲ್ಲಿ ಮನೆಗಳು ಮುಳುಗಿದವು, ಕಬ್ಬು ಕೊಳೆಯಿತು.

ಬರ ಬಿದ್ದಾಗ ಮೇವಿಗಾಗಿ ಒಣಸೀಮೆಯವರು ನೋಡುವುದು ಹೊಳೆಸಾಲಿನ ಬೀಗರ ಕಡೆಗೆ. ಆ ಆಗಸ್ಟಿನಲ್ಲಿ ಹೊಳೆಸಾಲಿನವರೇ ದನಕರು ಹೊಡೆದುಕೊಂಡು ದಿನ್ನೆಯ ಊರುಗಳತ್ತ ಹೊರಟಿದ್ದರು.