ಪೆಟ್ಟಿಗೆಯಲ್ಲಿ ಕೂಸು, ಬಾಗಿಲಲ್ಲಿ ತಾಯಿ

ಹೆರಿಗೆ ವಾರ್ಡಿನಲ್ಲಿ ಕೂಸು ಪಕ್ಕದಲ್ಲಿಲ್ಲದ ಬಾಣಂತಿಯನ್ನು ದೂರದಿಂದಲೇ ಗುರುತಿಸಬಹುದು. ಅಕ್ಕಪಕ್ಕದ ಮಂಚಗಳಲ್ಲಿ ಕೂಸುಗಳು ಅಳುತ್ತಿರುತ್ತವೆ, ಅಜ್ಜಿಯರು ಬಟ್ಟೆ ಮಡಚುತ್ತಿರುತ್ತಾರೆ, ಯಾರೋ ಫ್ಲಾಸ್ಕಿನಲ್ಲಿ ಗಂಜಿ ತಂದಿರುತ್ತಾರೆ. ಆಕೆಯ ಮಂಚದಲ್ಲಿ ಮಾತ್ರ ಮಗುವಿಲ್ಲ. ನೋಡಲು ಬಂದವರ ಮೊದಲ ಮಾತೇ "ಕೂಸೆಲ್ಲಿ?" "ಪೆಟ್ಟಿಗೆಯಲ್ಲಿಟ್ಟಿದಾರೆ" ಎಂದು ಪಕ್ಕದಲ್ಲಿರುವ ಅಮ್ಮನೋ ಅತ್ತೆಯೋ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಪೆಟ್ಟಿಗೆ ಎಂದರೆ ಕೂಸಿಗೆ ಕಾವು ಕೊಡುವ ಇನ್‌ಕ್ಯುಬೇಟರ್. ಬಂದವರ ಮುಖ ಬಾಡುತ್ತದೆ. ಸಿಸೇರಿಯನ್ ಆಗಿ ಎದ್ದು ಕೂರಲಾಗದ ಆಕೆ ತನ್ನ ಮಗುವನ್ನು ಇನ್ನೂ ಕಣ್ಣಾರೆ ನೋಡಿರುವುದಿಲ್ಲ. ನೋಡಿದ್ದರೂ ಗಂಡನ ಮೊಬೈಲಿನ ಫೋಟೊದಲ್ಲಿ.

ಮೂವತ್ತೇಳು ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ವೈದ್ಯರು ಅವಧಿಪೂರ್ವ ಶಿಶು ಎನ್ನುತ್ತಾರೆ. ಊರ ಮಾತಿನಲ್ಲಿ ಅದು ದಿನ ತುಂಬದ ಕೂಸು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಾದ್ಯಂತ ಇಂಥ 1.34 ಕೋಟಿ ಮಕ್ಕಳು ಹುಟ್ಟಿದರು. ಅದರಲ್ಲಿ ಭಾರತದ ಪಾಲು ಸುಮಾರು 30 ಲಕ್ಷ, ಬೇರೆಲ್ಲ ದೇಶಗಳಿಗಿಂತ ಹೆಚ್ಚು. ಏಳು ತಿಂಗಳ ಕೂಸು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ ಎಂಬ ಹಳೆಯ ನಂಬಿಕೆಯನ್ನು ಈಗಲೂ ಬಾಣಂತಿಯ ಕಿವಿಗೆ ಬೀಳುವಂತೆ ಆಡುವವರಿದ್ದಾರೆ. ಅದು ಸುಳ್ಳು. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಮಗುವಿನ ಶ್ವಾಸಕೋಶಕ್ಕೆ, ಮೆದುಳಿಗೆ, ಕರುಳಿಗೆ ಬಲ ಕೂಡಿಸುತ್ತದೆ. ಎಂಟು ತಿಂಗಳ ಮಗುವಿಗೆ ಏಳು ತಿಂಗಳದ್ದಕ್ಕಿಂತ ಉಳಿಯುವ ಅವಕಾಶ ಹೆಚ್ಚೇ.

ಈ ಮಕ್ಕಳಿಗಾಗಿ ಜಿಲ್ಲಾ ಆಸ್ಪತ್ರೆಗಳಲ್ಲಿ ಇರುವುದು ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ, ಎಲ್ಲರ ಬಾಯಲ್ಲಿ ಎಸ್‌ಎನ್‌ಸಿಯು. ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ 2003ರಲ್ಲಿ ಶುರುವಾದ ಮಾದರಿಯೇ ದೇಶದೆಲ್ಲೆಡೆ ಹರಡಿದ್ದು. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದಾಗಿ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಬಿದ್ದ ಶಿಶುವಿನ ಔಷಧ, ಪರೀಕ್ಷೆ, ವಾಹನ ಎಲ್ಲ ಉಚಿತ. ಒಳಗೆ ಮಗುವನ್ನು ನೋಡಿಕೊಳ್ಳಲು ಜನರಿದ್ದಾರೆ, ಯಂತ್ರಗಳಿವೆ. ಹೊರಗಿರುವ ತಾಯಿಯನ್ನು ನೋಡಿಕೊಳ್ಳುವವರು ಯಾರು?

ಹೀಗೆ ಬೇರಾಗುವುದಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ. 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಅವರ ಪತ್ನಿ ಜಾಕ್ವೆಲಿನ್‌ಗೆ ಐದೂವರೆ ವಾರ ಮೊದಲೇ ಹೆರಿಗೆಯಾಯಿತು. ಮಗು ಪ್ಯಾಟ್ರಿಕ್‌ನ ತೂಕ 2.1 ಕಿಲೊ, ಉಸಿರಾಟದ ತೊಂದರೆ. ಬಾಸ್ಟನ್ ಆಸ್ಪತ್ರೆಗೆ ಒಯ್ಯುವ ಮುನ್ನ ತಂದೆಯೇ ಪೆಟ್ಟಿಗೆಯನ್ನು ತಳ್ಳಿಕೊಂಡು ತಾಯಿಯ ಕೋಣೆಗೆ ತಂದು ಒಂದಿಷ್ಟು ಹೊತ್ತು ತೋರಿಸಿದರು. ಹುಟ್ಟಿದ 39 ಗಂಟೆಗಳ ನಂತರ ಮಗು ತೀರಿಕೊಂಡಿತು. ಸಿಸೇರಿಯನ್ ಆಗಿದ್ದ ತಾಯಿ ಇನ್ನೊಂದು ಊರಿನ ಆಸ್ಪತ್ರೆಯಲ್ಲೇ ಇದ್ದರು, ಅಂತ್ಯಸಂಸ್ಕಾರಕ್ಕೂ ಹೋಗಲಾಗಲಿಲ್ಲ. ಅಷ್ಟು ದಿನ ತುಂಬಿದ, ಅಷ್ಟು ತೂಕದ ಮಗು ಅದೇ ಕಾಯಿಲೆಯಿಂದ ಇಂದು ಬಹುಮಟ್ಟಿಗೆ ಬದುಕುತ್ತದೆ. ಶ್ವಾಸಕೋಶದ ಮದ್ದು ಅಷ್ಟು ಮುಂದೆ ಬಂದಿದೆ. ತಾಯಿಯನ್ನು ಮಗುವಿನ ಬಳಿಗೆ ತಲುಪಿಸುವ ವಿಷಯದಲ್ಲಿ ಮಾತ್ರ ನಾವು ಅಷ್ಟು ದೂರ ಬಂದಿಲ್ಲ.

ಹಾಗಾಗಿ ನೆರವಾಗಬೇಕೆನ್ನುವವರು ಮೊದಲು ಮಾಡಬೇಕಾದ್ದು ಸರಳ: ಡಾಕ್ಟರು ಒಪ್ಪಿದ ಕೂಡಲೇ ಆಕೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮಗುವಿನ ಹತ್ತಿರ ಕರೆದೊಯ್ಯುವುದು. ಒಬ್ಬಳನ್ನೇ ಕಳಿಸಬಾರದು. ಮೊದಲ ನೋಟ ಯಾರನ್ನಾದರೂ ಬೆಚ್ಚಿಬೀಳಿಸುತ್ತದೆ. ಅಂಗೈಯಗಲದ ಎದೆ, ಚರ್ಮದಡಿ ಕಾಣುವ ನೀಲಿ ನರಗಳು, ಮೂಗಿನಲ್ಲಿ ನಳಿಕೆ, ಪುಟ್ಟ ಪಾದಕ್ಕೆ ಸುತ್ತಿದ ಪಟ್ಟಿಯೊಳಗಿಂದ ಮಿನುಗುವ ಕೆಂಪು ಬೆಳಕು. ಆ ಕೆಂಪು ಬೆಳಕು ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಳೆಯುತ್ತಿದೆ, ಮಗುವಿಗೆ ಅದರಿಂದ ನೋವಿಲ್ಲ. ಬಾಯಿಯಿಂದ ಹೊಟ್ಟೆಗೆ ಇಳಿದ ಸಣ್ಣ ನಳಿಕೆ ಹಾಲು ಕುಡಿಸಲಿಕ್ಕೆ. ಯಂತ್ರ ಕೂಗಿಕೊಂಡಾಗಲೆಲ್ಲ ಅನಾಹುತವಾಗಿದೆ ಎಂದು ಅರ್ಥವಲ್ಲ, ಕಾಲು ಒದರಿ ಪಟ್ಟಿ ಸಡಿಲವಾದರೂ ಅದು ಕೂಗುತ್ತದೆ. ಇಷ್ಟನ್ನು ನರ್ಸ್ ಒಬ್ಬರು ಎರಡು ನಿಮಿಷ ನಿಂತು ಹೇಳಿದರೆ ತಾಯಿಯ ಕಣ್ಣು ಯಂತ್ರವನ್ನು ಬಿಟ್ಟು ಮಗುವಿನತ್ತ ತಿರುಗುತ್ತದೆ. ನರ್ಸ್‌ಗೆ ಪುರುಸೊತ್ತಿಲ್ಲದಿದ್ದರೆ ಮನೆಯವರಲ್ಲಿ ಯಾರಾದರೂ ಮೊದಲೇ ಕೇಳಿ ತಿಳಿದುಕೊಂಡು ಆಕೆಗೆ ಹೇಳಬಹುದು.

ತೂಕದ ಮಾತನ್ನೂ ಮುಂಚೆಯೇ ಹೇಳಿಬಿಡಬೇಕು. ಹುಟ್ಟಿದ ಮೊದಲ ದಿನಗಳಲ್ಲಿ ಎಲ್ಲ ಮಕ್ಕಳ ತೂಕವೂ ಇಳಿಯುತ್ತದೆ, ದಿನ ತುಂಬದವುಗಳದ್ದು ಇನ್ನಷ್ಟು. ಮತ್ತೆ ಹುಟ್ಟುತೂಕಕ್ಕೆ ಬರಲು ಸಾಮಾನ್ಯವಾಗಿ ಹತ್ತು ಹದಿನೈದು ದಿನ ಬೇಕು. ಇದು ಗೊತ್ತಿಲ್ಲದ ತಾಯಿ, 1,400 ಗ್ರಾಂ ಇದ್ದದ್ದು 1,290 ಆಯಿತೆಂದು ಕೇಳಿ ತನ್ನ ಹಾಲಿನಲ್ಲೇ ದೋಷವಿದೆ ಎಂದುಕೊಳ್ಳುತ್ತಾಳೆ.

ದೋಷದ ಮಾತು ಬಂದರೆ, ಅದನ್ನು ಹೊರಿಸಲು ಸುತ್ತಲೂ ಜನ ತಯಾರು. ಬಿಂದಿಗೆ ಎತ್ತಿದ್ದಕ್ಕೆ ಹೀಗಾಯಿತು, ಗ್ರಹಣದಲ್ಲಿ ಹೊರಗೆ ಬಂದಿದ್ದಳು, ಪರಂಗಿ ಹಣ್ಣು ತಿಂದಳು, ಬಸ್ಸಿನಲ್ಲಿ ತವರಿಗೆ ಹೋದಳು. ಹೆಚ್ಚಿನವರು ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ, ಕಾರಣವೊಂದು ಸಿಕ್ಕರೆ ಸಮಾಧಾನ ಎಂದು ಹೇಳುತ್ತಾರೆ. ಆದರೆ ಆ ಮಾತು ಬಾಣಂತಿಯ ಎದೆಯಲ್ಲಿ ಮುಳ್ಳಾಗಿ ಉಳಿಯುತ್ತದೆ. ಅವಧಿಗೆ ಮುಂಚಿನ ಹೆರಿಗೆಗೆ ವೈದ್ಯರು ಗುರುತಿಸುವ ಕಾರಣಗಳು ಬೇರೆ: ರಕ್ತದೊತ್ತಡ, ಸೋಂಕು, ಅವಳಿ ಗರ್ಭ, ಹಿಂದೆಯೂ ಹೀಗೇ ಆಗಿದ್ದು, ಎರಡು ಬಸಿರುಗಳ ನಡುವೆ ಅಂತರ ಕಡಿಮೆಯಾದದ್ದು. ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ. "ಇದರಲ್ಲಿ ನಿನ್ನ ತಪ್ಪೇನೂ ಇಲ್ಲ" ಎಂದು ಡಾಕ್ಟರು ಅತ್ತೆ, ಗಂಡ, ಅಮ್ಮ ಎಲ್ಲರೂ ಇರುವಾಗ ಹೇಳಿದರೆ ಅದಕ್ಕೊಂದು ತೂಕ. "ಹೋದರೆ ಹೋಗಲಿ, ಇನ್ನೊಂದಾಗುತ್ತೆ" ಎಂಬ ಸಾಂತ್ವನವನ್ನಂತೂ ಯಾರೂ ಆಡಬಾರದು. ಆ ಮಗು ಒಳಗೆ ಉಸಿರಾಡುತ್ತಿದೆ.

ತಾಯಿಗೆ ಮಾತ್ರ ಮಾಡಲಾಗುವ ಒಂದು ಕೆಲಸವಿದೆ, ಅದು ಹಾಲು. ಅವಧಿಗೆ ಮುಂಚೆ ಹೆತ್ತವಳ ಮೊದಲ ವಾರಗಳ ಹಾಲಿನಲ್ಲಿ ಪ್ರೋಟೀನ್ ಹೆಚ್ಚಿರುತ್ತದೆ. ಇಂಥ ಮಕ್ಕಳನ್ನು ಕಾಡುವ, ಕರುಳು ಕೊಳೆಯುವ ಭೀಕರ ಕಾಯಿಲೆ ಎದೆಹಾಲು ಕುಡಿದವುಗಳಲ್ಲಿ ಕಡಿಮೆ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಒಟ್ಟಿಗೆ ಹೊಂದಿಸಿಕೊಳ್ಳಲು ಮಗುವಿಗೆ ಸುಮಾರು 34 ವಾರ ತುಂಬಬೇಕು. ಅಲ್ಲಿಯವರೆಗೆ ಹಾಲನ್ನು ಹಿಂಡಿ ನಳಿಕೆಯಲ್ಲಿ ಕೊಡುತ್ತಾರೆ, ಆಮೇಲೆ ಒಳಲೆಯಲ್ಲಿ. ನಮ್ಮ ಅಜ್ಜಿಯರ ಪೆಟಾರಿಯಲ್ಲಿದ್ದ ಅದೇ ಮೂತಿಯ ಪುಟ್ಟ ಒಳಲೆ ಈಗ ಶಿಶು ಘಟಕಗಳ ಟ್ರೇಗಳಲ್ಲಿದೆ.

ಹಿಂಡುವ ಕೆಲಸ ಹೇಳಿದಷ್ಟು ಸುಲಭವಲ್ಲ. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಶುರುಮಾಡಿ ದಿನಕ್ಕೆ ಎಂಟು ಹತ್ತು ಸಲ, ರಾತ್ರಿಯೂ ಬಿಡದೆ ಹಿಂಡಬೇಕು. ಮೊದಲ ದಿನ ಬಟ್ಟಲಿನ ತಳದಲ್ಲಿ ಕಾಣುವುದು ನಾಲ್ಕು ಹನಿ, ಜೇನಿನ ಬಣ್ಣದ ಗಿಣ್ಣುಹಾಲು. "ಇಷ್ಟೇನಾ?" ಎಂದು ಯಾರಾದರೂ ಅಂದರೆ ಆಕೆಯ ಕೈ ಸೋಲುತ್ತದೆ. ಆ ನಾಲ್ಕು ಹನಿಯೂ ಮಗುವಿನ ಬಾಯಿಗೆ ಮದ್ದಿನಂತೆಯೇ ಹೋಗುತ್ತದೆ ಎಂದು ಗೊತ್ತಿದ್ದವರು ಪಕ್ಕದಲ್ಲಿರಬೇಕು. ರಾತ್ರಿ ಎರಡು ಗಂಟೆಗೆ ಅಲಾರಾಂ ಹೊಡೆದಾಗ ಜೊತೆಗೆ ಏಳುವವರು, ಬಟ್ಟಲನ್ನು ಕುದಿಯುವ ನೀರಿನಲ್ಲಿ ತೊಳೆದಿಡುವವರು, ಹಿಂಡಿದ ಹಾಲನ್ನು ಒಳಗೆ ಮುಟ್ಟಿಸಿ ಬರುವವರು ಬೇಕು. ಬಾಣಂತಿಗೆ ನೀರು ಕೊಟ್ಟರೆ ಶೀತ, ಹೊಟ್ಟೆ ಬರುತ್ತದೆ ಎಂದು ಗುಟುಕು ಲೆಕ್ಕದಲ್ಲಿ ಕೊಡುವ ಪಥ್ಯ ಇಲ್ಲಿ ಸಲ್ಲದು. ಬಾಯಾರಿದಷ್ಟು ನೀರು, ಹೊಟ್ಟೆ ತುಂಬ ಮುದ್ದೆಯೋ ರೊಟ್ಟಿಯೋ ಅನ್ನವೋ, ಸೊಪ್ಪು ಬೇಳೆ ಎಲ್ಲವೂ ಆಕೆಗೆ ಬೇಕು. ಇಷ್ಟಾದರೂ ಹಾಲು ಸಾಲದಿದ್ದರೆ ಆಕೆಯನ್ನು ಹಂಗಿಸುವ ಬದಲು ಎದೆಹಾಲಿನ ಬ್ಯಾಂಕನ್ನು ವಿಚಾರಿಸಬಹುದು. ಏಷ್ಯಾದ ಮೊದಲ ಇಂಥ ಬ್ಯಾಂಕನ್ನು 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಕಟ್ಟಿದರು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ಅಮೃತಧಾರೆ ಹೆಸರಿನ ಬ್ಯಾಂಕ್ 2022ರಲ್ಲಿ ಶುರುವಾಯಿತು.

ತಾಯಿಯನ್ನು ಬಾಗಿಲಾಚೆ ನಿಲ್ಲಿಸಿದ್ದಕ್ಕೆ ಆಸ್ಪತ್ರೆಗಳು ಕೊಡುತ್ತಿದ್ದ ಕಾರಣ ಸೋಂಕಿನ ಭಯ. ಆ ಭಯವನ್ನು ಒಡೆದದ್ದು ಬಡತನ. ಕೊಲಂಬಿಯಾದ ಬೊಗೋಟಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ 1978ರ ಹೊತ್ತಿಗೆ ಪೆಟ್ಟಿಗೆಗಳು ಸಾಲದೆ ಒಂದೊಂದರಲ್ಲಿ ಎರಡು ಮೂರು ಮಕ್ಕಳನ್ನು ಇಡುತ್ತಿದ್ದರು. ಸೋಂಕು ಒಬ್ಬರಿಂದೊಬ್ಬರಿಗೆ ಹರಡುತ್ತಿತ್ತು. ಡಾ. ಎಡ್ಗರ್ ರೇ ಸನಾಬ್ರಿಯಾ ಮಗುವನ್ನು ತಾಯಿಯ ಬರಿಯ ಎದೆಗೇ ಕಟ್ಟಿ ಕಾವು ಕೊಡಿಸಿದರು. ಕಾಂಗರೂ ಆರೈಕೆ ಹುಟ್ಟಿದ್ದು ಹೀಗೆ. ಮರುವರ್ಷ, ಎಸ್ಟೋನಿಯಾದ ತಾಲಿನ್‌ನಲ್ಲಿ ನರ್ಸ್‌ಗಳ ಕೊರತೆಯಿಂದ ಡಾ. ಆದಿಕ್ ಲೆವಿನ್ ತಾಯಂದಿರನ್ನೇ ಇಪ್ಪತ್ನಾಲ್ಕು ಗಂಟೆ ವಾರ್ಡಿನೊಳಗೆ ಬಿಟ್ಟುಕೊಂಡರು.

ಆದರೂ ಮಗು ಸ್ಥಿರವಾದ ಮೇಲೆ ಮಾತ್ರ ತಾಯಿಯ ಎದೆಗೆ ಎಂಬ ನಿಯಮ ಬಹುಕಾಲ ಉಳಿಯಿತು. ಅದನ್ನು ಪ್ರಶ್ನಿಸಿದ ದೊಡ್ಡ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಮತ್ತು ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ, ಒಂದು ಕಿಲೊದಿಂದ 1.8 ಕಿಲೊ ಒಳಗಿನ 3,211 ಮಕ್ಕಳು ಅದರಲ್ಲಿದ್ದರು. ಅರ್ಧದಷ್ಟು ಮಕ್ಕಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕಟ್ಟಿದರು. ಅದಕ್ಕಾಗಿ ತೀವ್ರ ನಿಗಾ ಘಟಕದೊಳಗೇ ತಾಯಂದಿರಿಗೆ ಮಂಚ ಹಾಕಿದರು. ಉಳಿದವರಿಗೆ ಹಳೆಯ ಪದ್ಧತಿ. 28 ದಿನದೊಳಗೆ ಸತ್ತವರು ಹಳೆಯ ಪದ್ಧತಿಯಲ್ಲಿ ಶೇ 15.7, ತಾಯಿಯ ಎದೆಯಲ್ಲಿದ್ದವರಲ್ಲಿ ಶೇ 12. ಪ್ರಯೋಜನ ಇಷ್ಟು ಸ್ಪಷ್ಟವಾದ್ದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹುಟ್ಟಿದ ಕೂಡಲೇ ತಾಯಿಯ ಎದೆ, ಆಮೇಲೆ ಪೆಟ್ಟಿಗೆ ಎಂದು ಸಲಹೆ ಬದಲಿಸಿತು. ಕುಟುಂಬದವರನ್ನು ಒಳಗೆ ಬಿಟ್ಟು ಆರೈಕೆ ಕಲಿಸಬೇಕೆಂಬ ಕೇಂದ್ರ ಸರ್ಕಾರದ ಮಾರ್ಗಸೂಚಿ 2017ರಿಂದಲೇ ಇದೆ. ಬಾಗಿಲಲ್ಲಿ ತಡೆದರೆ ಮನೆಯವರು ವಿನಯದಿಂದಲೇ ಇದನ್ನು ನೆನಪಿಸಬಹುದು.

ಕೊಪ್ಪಳ ಜಿಲ್ಲೆಯ ಅನುಭವ ಇಲ್ಲಿ ದೊಡ್ಡದು. ಆರೋಗ್ಯ ಇಲಾಖೆಯ ಜೊತೆ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸೇರಿ, ಎರಡು ಕಿಲೊಗಿಂತ ಕಡಿಮೆ ತೂಕದ ಮಕ್ಕಳಿಗೆ ಆಸ್ಪತ್ರೆಯಲ್ಲೂ ಮನೆಯಲ್ಲೂ ಕಾಂಗರೂ ಆರೈಕೆ ಸಿಗುವಂತೆ ಇಡೀ ಜಿಲ್ಲೆಯಲ್ಲಿ ಪ್ರಯತ್ನ ನಡೆಸಿದವು. ಅಲ್ಲಿ ಗುರಿ ದಿನಕ್ಕೆ ಕನಿಷ್ಠ ಎಂಟು ಗಂಟೆ. ಎಂಟು ಗಂಟೆ ಎಂದರೆ ಏನೆಂದು ಊಹಿಸಿಕೊಳ್ಳಬೇಕು. ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟರೆ ಮೈಮೇಲೆ ಏನೂ ಇಲ್ಲದ ಮಗುವನ್ನು ಕಪ್ಪೆಯಂತೆ ಕೈಕಾಲು ಮಡಿಸಿ, ತಲೆ ಒಂದು ಪಕ್ಕಕ್ಕೆ ತಿರುಗಿಸಿ, ಎರಡು ಮೊಲೆಗಳ ನಡುವೆ ನೆಟ್ಟಗೆ ಇಟ್ಟು ಬಟ್ಟೆಯಿಂದ ಬಿಗಿಯುತ್ತಾರೆ. ತಾಯಿ ಹಿಂದಕ್ಕೆ ಒರಗಿ ಕೂರಬೇಕು. ಸ್ವಲ್ಪ ಹೊತ್ತಿಗೆ ಮಗುವಿನ ಉಸಿರು ಆಕೆಯ ಕೊರಳಿಗೆ ಬೆಚ್ಚಗೆ ತಾಕುತ್ತದೆ. ಆ ಹೊತ್ತಿನಲ್ಲಿ ಮನೆಯ ನೀರು ತರುವವರು, ಅಡುಗೆ ಮಾಡುವವರು, ದೊಡ್ಡ ಮಗುವನ್ನು ಸ್ಕೂಲಿಗೆ ಕಳಿಸುವವರು ಬೇರೆ ಯಾರೋ ಆಗಿರಬೇಕು. ಅತ್ತೆ ಒಪ್ಪದೆ ಇದು ನಡೆಯದು. ತಾಯಿ ಊಟಕ್ಕೆ, ಸ್ನಾನಕ್ಕೆ ಎದ್ದಾಗ ಅಜ್ಜಿಯೋ ಅಪ್ಪನೋ ಎದೆ ಕೊಡಬಹುದು. ಅಂಗಿ ಬಿಚ್ಚಿ ಕೂತ ಅಪ್ಪನ ಎದೆಯಲ್ಲೂ ಮಗು ಅಷ್ಟೇ ಬೆಚ್ಚಗೆ ನಿದ್ದೆ ಹೋಗುತ್ತದೆ.

ಇಷ್ಟರ ನಡುವೆ ಆಕೆಯ ಮನಸ್ಸು. ಮಗು ನಿಗಾ ಘಟಕದಲ್ಲಿರುವ ತಾಯಂದಿರಲ್ಲಿ ಖಿನ್ನತೆ ಇತರ ಬಾಣಂತಿಯರಿಗಿಂತ ಹೆಚ್ಚು. ಅಳು, ಭಯ ಮೊದಲ ವಾರ ಎಲ್ಲರಿಗೂ ಇದ್ದದ್ದೇ. ಎರಡು ವಾರ ಕಳೆದರೂ ಊಟ ಬೇಡ, ನಿದ್ದೆ ಬಾರದು, ಮಗುವನ್ನು ನೋಡಲು ಹೋಗುವುದೇ ಬೇಡ ಎಂದರೆ ಕಾಯಬಾರದು. ಇಲ್ಲದ್ದು ಕಾಣುತ್ತದೆ, ಕೇಳುತ್ತದೆ ಎಂದರೆ, ನಮ್ಮವರು ಬಾಣಂತಿ ಸನ್ನಿ ಎನ್ನುವ ಸ್ಥಿತಿ ಅದು, ಆ ದಿನವೇ ವೈದ್ಯರನ್ನು ಕಾಣಬೇಕು. ತಾಯಿ ಮಗು ಇಬ್ಬರನ್ನೂ ಬೇರ್ಪಡಿಸದೆ ದಾಖಲು ಮಾಡಿಕೊಳ್ಳುವ ದೇಶದ ಮೊದಲ ಮನೋವೈದ್ಯಕೀಯ ಘಟಕ 2009ರಿಂದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಅಷ್ಟು ದೂರ ಹೋಗಲಾಗದವರಿಗೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು.

ನೌಕರಿಯಲ್ಲಿರುವ ತಾಯಿಗೆ ಇನ್ನೊಂದು ಚಿಂತೆ, ರಜೆ. ಮಗು ಆಸ್ಪತ್ರೆಯಲ್ಲಿರುವಾಗಲೇ ರಜೆ ಕರಗುತ್ತದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಹೆಚ್ಚು ಜನ ಓದದ ಒಂದು ಸೆಕ್ಷನ್ ಇತ್ತು, ಹತ್ತನೆಯದು: ಅವಧಿಪೂರ್ವ ಹೆರಿಗೆಯಿಂದಾದ ಅಸ್ವಸ್ಥತೆಗೆ ಸಂಬಳ ಸಹಿತ ಇನ್ನೂ ಒಂದು ತಿಂಗಳವರೆಗೆ ರಜೆ. ಈ ಸೌಲಭ್ಯದ ಬಗ್ಗೆ ಕಚೇರಿಯಲ್ಲಿ ವಿಚಾರಿಸಿ, ಅರ್ಜಿ ಬರೆದು, ಡಾಕ್ಟರ ಸಹಿ ಹಾಕಿಸಿ ಮುಟ್ಟಿಸುವ ಕೆಲಸವನ್ನು ಗಂಡನೋ ತಮ್ಮನೋ ಮಾಡಿದರೆ ಆಕೆಗೆ ಒಂದು ಹೊರೆ ಇಳಿಯುತ್ತದೆ. ನೆಂಟರ ಫೋನುಗಳಿಗೆ ಉತ್ತರಿಸುವುದೂ ಹಾಗೇ. ದಿನಕ್ಕೆ ಇಪ್ಪತ್ತು ಸಲ "ಈಗ ಹೇಗಿದೆ?" ಎಂಬುದಕ್ಕೆ ಆಕೆಯೇ ಉತ್ತರ ಹೇಳಬೇಕಿಲ್ಲ.

ಮನೆಗೆ ಬಂದಮೇಲೆ ಮರೆಯಲೇಬಾರದ ಒಂದು ತಾರೀಖು ಇದೆ. ಎರಡು ಕಿಲೊಗಿಂತ ಕಡಿಮೆ ತೂಕದ ಅಥವಾ 34 ವಾರದೊಳಗೆ ಹುಟ್ಟಿದ ಮಗುವಿನ ಕಣ್ಣಿನ ಅಕ್ಷಿಪಟಲವನ್ನು ಹುಟ್ಟಿದ 30 ದಿನದೊಳಗೆ ಪರೀಕ್ಷಿಸಬೇಕು, ತೀರಾ ಪುಟ್ಟವುಗಳಿಗೆ ಇನ್ನೂ ಬೇಗ. ತಡವಾದರೆ ಕಣ್ಣು ಶಾಶ್ವತವಾಗಿ ಹೋಗಬಹುದು. ದೋಷ ಸಕಾಲದಲ್ಲಿ ಕಂಡರೆ ಲೇಸರ್‌ನಿಂದ ಉಳಿಸಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೇ ಹೋಗಿ ಈ ಪರೀಕ್ಷೆ ಮಾಡುತ್ತಾರೆ. ನಿದ್ದೆಗೆಟ್ಟ ತಾಯಿಗೆ ಆ ತಾರೀಖು ಮರೆತರೆ ತಪ್ಪಿಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕುವವರು ಮನೆಯಲ್ಲಿ ಬೇರೊಬ್ಬರು ಇರಬೇಕು.

ಮಗು ಬೆಳೆಯುವಾಗಲೂ ಲೆಕ್ಕ ಬೇರೆ. ಮೂವತ್ತನೇ ವಾರಕ್ಕೆ ಹುಟ್ಟಿದ್ದಾದರೆ ಅದರ ಕಲಿಕೆಯನ್ನು ಹುಟ್ಟಿದ ದಿನದಿಂದ ಎಣಿಸುವುದಿಲ್ಲ, ಡಾಕ್ಟರು ಹೆರಿಗೆಗೆ ಕೊಟ್ಟಿದ್ದ ದಿನದಿಂದ ಎಣಿಸುತ್ತಾರೆ. ಎಂಟು ತಿಂಗಳಾದರೂ ಕೂರಲಿಲ್ಲವಲ್ಲ ಎಂದು ನಾಮಕರಣಕ್ಕೋ ಮದುವೆಗೋ ಬಂದವರು ಕೇಳಿದಾಗ ತಾಯಿ ಮತ್ತೆ ತಲೆ ತಗ್ಗಿಸುವ ಮೊದಲೇ ಅಜ್ಜಿ ಬಾಯಿ ಹಾಕಬೇಕು: "ಎಲ್ಲಿ ಎಂಟು? ನಮ್ ಕೂಸಿಗೆ ಇನ್ನೂ ಐದೂವರೆ ತಿಂಗಳು. ಬಾ, ಎತ್ಕೊ."